ಬಿಪಿ ಒಂದೇ, ಬಂದ ದಾರಿ ಹಲವು



ಅಣ್ಣನಿಗೆ ನಾಟಿದ ಬಿಪಿ ಮಾತ್ರೆ ತಮ್ಮನಿಗೆ ಏಕೆ ನಾಟುವುದಿಲ್ಲ? ಇದು ನ್ಯಾಯವಾದ ಪ್ರಶ್ನೆ. ಉತ್ತರದ ಒಂದು ಮುಖ್ಯ ಭಾಗ ಸಿಕ್ಕಿದ್ದು ಮೊಲ, ನಾಯಿ, ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ.

1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟೈಗರ್‌ಸ್ಟೆಡ್ಟ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಮೊಲದ ಕಿಡ್ನಿಯ ಸಾರವನ್ನು ಬೇರೆ ಮೊಲಗಳ ರಕ್ತಕ್ಕೆ ಸೇರಿಸಿದರು. ಅವುಗಳ ರಕ್ತದೊತ್ತಡ ಏರಿತು. ಆ ಸಾರದಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್, ನಾಯಿಯ ಕಿಡ್ನಿಗೆ ಹೋಗುವ ರಕ್ತನಾಳವನ್ನು ಬೆಳ್ಳಿಯ ಕ್ಲಿಪ್ಪಿನಿಂದ ಬಿಗಿದರೆ ಬಿಪಿ ಏರಿ ಹಾಗೆಯೇ ನಿಲ್ಲುತ್ತದೆಂದು ತೋರಿಸಿದರು. ಮುಂದೆ ಒಳಗಿನ ಕೆಲಸವೆಲ್ಲ ತಿಳಿಯಿತು. ಲಿವರ್ ತಯಾರಿಸುವ ಒಂದು ಪ್ರೋಟೀನನ್ನು ರೆನಿನ್ ಎಂಬ ಈ ಕಿಣ್ವ ಕತ್ತರಿಸುತ್ತದೆ, ಆಂಜಿಯೋಟೆನ್ಸಿನ್-1 ಹುಟ್ಟುತ್ತದೆ. ಎಸಿಇ ಎಂಬ ಇನ್ನೊಂದು ಕಿಣ್ವ ಅದನ್ನು ಆಂಜಿಯೋಟೆನ್ಸಿನ್-2 ಮಾಡುತ್ತದೆ. ಈ ಎರಡನೆಯದೇ ರಕ್ತನಾಳಗಳನ್ನು ಬಿಗಿಯುವುದು. ಕಿಡ್ನಿಯ ತಲೆಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಅಲ್ಡೋಸ್ಟಿರೋನ್ ಎಂಬ ಹಾರ್ಮೋನು ಬರಿಸಿ, ಮೈಯಲ್ಲಿ ಉಪ್ಪು ನಿಲ್ಲಿಸುವುದೂ ಇದೇ.

ಎಸಿಇಯನ್ನು ತಡೆಯುವ ದಾರಿ ತೋರಿಸಿದ್ದು ಬ್ರೆಜಿಲ್‌ನ ಜರರಾಕ ಹಾವಿನ ವಿಷ. 1965ರಲ್ಲಿ ವಿಜ್ಞಾನಿ ಸೆರ್ಜಿಯೊ ಫೆರೇರಾ ಆ ವಿಷದಲ್ಲಿದ್ದ ಒಂದು ಅಂಶವನ್ನು ವರದಿ ಮಾಡಿದರು. ಅದು ಇದೇ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆಂದು ಮುಂದೆ ತಿಳಿಯಿತು. ಆ ಸುಳಿವು ಹಿಡಿದು ಸ್ಕ್ವಿಬ್ ಕಂಪನಿಯ ಕುಶ್ಮನ್ ಮತ್ತು ಒಂಡೆಟ್ಟಿ, ಬಾಯಲ್ಲಿ ನುಂಗಬಹುದಾದ ಕ್ಯಾಪ್ಟೊಪ್ರಿಲ್ ತಯಾರಿಸಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಎನಲಾಪ್ರಿಲ್, ರಾಮಿಪ್ರಿಲ್ ಅದೇ ವಂಶದವು.

ಈಗ ಇಲಿಗಳ ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಇಲಿಯನ್ನು ಸಣ್ಣ ಕೊಳವೆಯೊಳಗೆ ಅಲುಗದಂತೆ ಇರಿಸಿ, ಬಾಲವನ್ನು ಬೆಚ್ಚಗೆ ಮಾಡಿ, ಬಾಲದ ಬುಡಕ್ಕೆ ಪುಟ್ಟ ಪಟ್ಟಿ ಸುತ್ತುತ್ತಾರೆ. ನಮ್ಮ ತೋಳಿಗೆ ಸುತ್ತುವ ಪಟ್ಟಿಯ ಹಾಗೆಯೇ ಅದು ಉಬ್ಬಿ ಇಳಿದು ಬಿಪಿ ಅಳೆಯುತ್ತದೆ. ಕ್ಯಾಪ್ಟೊಪ್ರಿಲ್ ಕೊಟ್ಟ ಪ್ರಾಣಿಗೆ ಆಂಜಿಯೋಟೆನ್ಸಿನ್-1 ಚುಚ್ಚಿದರೆ ಬಿಪಿ ಅಷ್ಟಾಗಿ ಏರುವುದಿಲ್ಲ. ಆಂಜಿಯೋಟೆನ್ಸಿನ್-2 ಚುಚ್ಚಿದರೆ ಏರುತ್ತದೆ! ತೋಟದ ಮೇಲುಗಡೆ ಗೇಟ್‌ವಾಲ್ವ್ ಮುಚ್ಚಿದ್ದರೂ, ಕೆಳಗೆ ಬೇರೆ ಬೋರ್‌ವೆಲ್ ನೀರು ಪೈಪಿಗೆ ಸೇರಿದರೆ ಹರಿವು ನಿಲ್ಲುವುದುಂಟೇ?

ಇನ್ನೊಂದು ಬಗೆಯ ಇಲಿ ಇದೆ. ಅದರ ಒಂದು ಕಿಡ್ನಿ ತೆಗೆದು, ಡೋಕಾ ಎಂಬ ಅಡ್ರಿನಲ್ ಬಗೆಯ ಹಾರ್ಮೋನು ಕೊಟ್ಟು, ಕುಡಿಯಲು ಉಪ್ಪುನೀರು ಇಡುತ್ತಾರೆ. ಕೆಲವು ವಾರಗಳಲ್ಲಿ ಬಿಪಿ ಏರುತ್ತದೆ. ಆದರೆ ಮೈಯಲ್ಲಿ ಉಪ್ಪು ತುಂಬಿರುವುದರಿಂದ ಕಿಡ್ನಿ ರೆನಿನ್ ಬಿಡುವುದನ್ನೇ ಕಡಿಮೆ ಮಾಡಿರುತ್ತದೆ. ಹಾಗಾಗಿ ಇಲ್ಲಿ ಕ್ಯಾಪ್ಟೊಪ್ರಿಲ್‌ಗೆ ಹೆಚ್ಚು ಕೆಲಸವಿಲ್ಲ. ಅದೇ ಇಲಿಗೆ, ಈ ಹಾರ್ಮೋನು ಕೂರುವ ಜಾಗವನ್ನೇ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಕೊಟ್ಟರೆ ಉಪಯೋಗವಾಗುತ್ತದೆ.

ನಾನು ಹೇಳಬೇಕೆಂದಿರುವುದು ಇದನ್ನೇ: ಯಂತ್ರದಲ್ಲಿ ಕಾಣುವ ಅಂಕಿ ಒಂದೇ ಇರಬಹುದು, ಅದು ಏರಿದ ದಾರಿ ಬೇರೆ ಬೇರೆ. ದಾರಿ ಗೊತ್ತಾದರೆ ಮಾತ್ರ ಸರಿಯಾದ ಮದ್ದು.

ಮನುಷ್ಯರಲ್ಲೂ ಹೀಗೆಯೇ. 1955ರಲ್ಲಿ ಜೆರೋಮ್ ಕಾನ್ ವಿವರಿಸಿದ ಕಾಯಿಲೆಯಲ್ಲಿ ಅಡ್ರಿನಲ್ ಗ್ರಂಥಿ ತಾನಾಗಿಯೇ ಅಲ್ಡೋಸ್ಟಿರೋನ್ ಸುರಿಸುತ್ತದೆ, ರೆನಿನ್ ತಗ್ಗಿರುತ್ತದೆ. ಮಂಡಿನೋವಿಗೆ, ಉಬ್ಬಸಕ್ಕೆ ದಿನಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆಯೂ ಬಿಪಿ ಏರಿಸಬಲ್ಲ ಹಾರ್ಮೋನೇ. ಗ್ರಂಧಿಗೆ ಅಂಗಡಿಯ ಜೇಷ್ಠಮಧುವೂ ಕ್ಯಾಪ್ಟೊಪ್ರಿಲ್ ಹಾಗೆ ಒಂದು ಕಿಣ್ವವನ್ನು ತಡೆಯುತ್ತದೆ, ಆದರೆ ಉಲ್ಟಾ ದಿಕ್ಕಿನಲ್ಲಿ. ಕಾರ್ಟಿಸಾಲ್ ಹಾರ್ಮೋನನ್ನು ಕಿಡ್ನಿಯಲ್ಲಿ ತಣ್ಣಗಾಗಿಸುವ ಕಿಣ್ವಕ್ಕೇ ಅದು ಅಡ್ಡ ಬರುತ್ತದೆ. ಆಗ ಕಾರ್ಟಿಸಾಲ್ ಅಲ್ಡೋಸ್ಟಿರೋನಿನ ಕೆಲಸ ಮಾಡತೊಡಗುತ್ತದೆ. ಕೆಮ್ಮಿಗೆಂದು ಒಂದೆರಡು ಸಲ ಅಗಿದರೆ ದೊಡ್ಡ ತೊಂದರೆಯಿಲ್ಲ. ತಿಂಗಳುಗಟ್ಟಲೆ ಹೆಚ್ಚು ತಿಂದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಪೊಟ್ಯಾಸಿಯಂ ಎಂದಾಗ ತೆಂಗಿನ ಸೀಮೆಯವರಾದ ನಾವು ಇನ್ನೊಂದು ಮಾತು ತಿಳಿದಿರಬೇಕು. ಎಳನೀರಿನಲ್ಲಿ 100 ಮಿಲಿಗೆ ಸುಮಾರು 200 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಆರೋಗ್ಯವಂತ ಕಿಡ್ನಿ ಹೆಚ್ಚಾದದ್ದನ್ನು ಹೊರಹಾಕುತ್ತದೆ. ಆದರೆ ಪ್ರಿಲ್ ವಂಶದ ಮಾತ್ರೆಯಾಗಲಿ, ಟೆಲ್ಮಿಸಾರ್ಟಾನ್ ಎಂಬ ಇನ್ನೊಂದು ಬಿಪಿ ಮಾತ್ರೆಯಾಗಲಿ, ಸ್ಪೈರೊನೊಲ್ಯಾಕ್ಟೋನ್ ಆಗಲಿ, ಅಲ್ಡೋಸ್ಟಿರೋನಿನ ಕೆಲಸ ತಗ್ಗಿಸುವುದರಿಂದ ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ. ಕಿಡ್ನಿ ಸೋತವರು, ಬಹುಕಾಲದ ಸಕ್ಕರೆ ಕಾಯಿಲೆಯವರು ಈ ಮಾತ್ರೆಗಳ ಜೊತೆಗೆ ತೋಟದಲ್ಲಿ ಕಾಯಿ ಮೇಲೆ ಕಾಯಿ ಕೆತ್ತಿಸಿ ಕುಡಿದರೆ ಹೃದಯದ ಬಡಿತವೇ ತಪ್ಪಬಹುದು. ಎಷ್ಟು ಕುಡಿಯಬಹುದೆಂದು ಡಾಕ್ಟರನ್ನು ಕೇಳಿ. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಪೊಟ್ಯಾಸಿಯಂ ಪರೀಕ್ಷೆಯನ್ನೂ ಮಾಡಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಎಷ್ಟೋ ಮೂಕಪ್ರಾಣಿಗಳ ನೋವಿನಿಂದ ಬಂದ ತಿಳಿವು ಇದು. ಅದಕ್ಕೆ ನಾವು ಸಲ್ಲಿಸಬಹುದಾದ ಗೌರವವೆಂದರೆ ಅದನ್ನು ಸರಿಯಾಗಿ ಬಳಸಿಕೊಳ್ಳುವುದು. ಪಕ್ಕದ ಮನೆಯವರ ಮಾತ್ರೆ ಈಸಿಕೊಂಡು ನುಂಗಬೇಡಿ. ಡಾಕ್ಟರ ಮುಂದೆ ಕೂತಾಗ ಸ್ಟೀರಾಯ್ಡು, ನಾಟಿ ಔಷಧಿ, ಎಳನೀರು, ಊಟದ ಉಪ್ಪು, ಯಾವುದನ್ನೂ ಮುಚ್ಚಿಡದೆ ಹೇಳಿ. ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯದಿದ್ದರೆ, ಹಾರ್ಮೋನಿನ ದೋಷವಿದೆಯೇ ಎಂದು ನೀವೇ ಬಾಯಿಬಿಟ್ಟು ಕೇಳಿ.