ಕಪಾಟಿನ ಪುಸ್ತಕ, ಟ್ರಂಕಿನ ಪುಸ್ತಕ

ನಿನ್ನೆಯ ಚರ್ಚೆ ನೋಡಿದ ವೀಕ್ಷಕರೊಬ್ಬರು ಮೆಸೇಜ್ ಕಳಿಸಿದ್ದಾರೆ. 'ಮೇಡಂ, ಊಟದ ಹೊತ್ತಿಗೆ ಲೈಂಗಿಕ ಶಿಕ್ಷಣ ಅಂತೆಲ್ಲ ಮಾತಾಡಬೇಡಿ, ಮಕ್ಕಳ ಮುಂದೆ ಮುಜುಗರ ಆಗುತ್ತೆ.' ಸರ್, ಮುಜುಗರ ಅರ್ಥವಾಗುತ್ತೆ. ಆದರೆ ಮಕ್ಕಳು ಅದನ್ನ ಎಲ್ಲೋ ಒಂದು ಕಡೆ ಓದೇ ಓದ್ತಾರೆ. ನಾವೂ ಓದಿದ್ವಿ.

ನಾನು ಬಾತಿಯವಳು. ದಾವಣಗೆರೆಯಿಂದ ಹರಿಹರಕ್ಕೆ ಪಿ.ಬಿ. ರೋಡಿನಲ್ಲಿ ಹೋಗುವಾಗ ಸಿಗುವ ಊರು. ನಮ್ಮನೆ ಗೋಡೆ ಕಪಾಟಿನಲ್ಲಿ ಡಾ. ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ಇತ್ತು. ನಮ್ಮ ಹುಡುಗಿ ಓದ್ತಾಳೆ ಅಂತ ಅಪ್ಪ ಬಂದವರಿಗೆಲ್ಲ ತೋರಿಸ್ತಿದ್ರು. ಅದೇ ಲೇಖಕಿಯ 'ಕೇಳು ಕಿಶೋರಿ' ಮಾತ್ರ ಅವ್ವನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ. ಹರಿಹರದಲ್ಲಿ ನರ್ಸ್ ಆಗಿದ್ದ ಚಿಗವ್ವ ತಂದುಕೊಟ್ಟದ್ದು. 'ದೊಡ್ಡಾಕಿ ಆಗೋಕಿಂತ ಮುಂಚೆ ಓದ್ಲಿ ಕಣಕ್ಕ' ಅಂದಿದ್ದಳಂತೆ. ಅವ್ವ ಕೊಡಲಿಲ್ಲ. ನಾನೇ ಕದ್ದು ಓದಿದೆ. ಮುಟ್ಟು ಮೈಲಿಗೆಯಲ್ಲ, ಕಾಯಿಲೆಯೂ ಅಲ್ಲ, ದೇಹ ಮಾಡುವ ಕೆಲಸ ಅನ್ನೋ ಧೈರ್ಯ ಬಂದಿದ್ದು ಅಲ್ಲಿಂದ. ಮುಂದೆ ನನ್ನನ್ನ ಮೂರು ದಿನ ಹೊರಗೆ ಕೂರಿಸಿದಾಗ ಸಿಟ್ಟು ಬಂತು, ಭಯ ಬರಲಿಲ್ಲ.

ಅಣ್ಣನಿಗೆ ಏನು ಸಿಕ್ಕಿತು? ಬಸ್ ಸ್ಟ್ಯಾಂಡ್ ಅಂಗಡಿಯ ತೆಳು ಪುಸ್ತಕ. ಅವನ ಹಾಸಿಗೆ ಕೆಳಗಿದ್ದ ಒಂದನ್ನ ನಾನೂ ಓದಿದ್ದೇನೆ. ಅದರಲ್ಲಿ ಹೆಣ್ಣು 'ಬೇಡ' ಅಂದ್ರೆ 'ಹೂಂ' ಅಂತಲೇ ಅರ್ಥ. ಒಂದೇ ಮನೆ, ಇಬ್ಬರು ಮಕ್ಕಳು. ನನಗೆ ಪಾಠ ಹೇಳಿದ್ದು ಒಬ್ಬ ವೈದ್ಯೆ. ಅವನಿಗೆ ಹೇಳಿದ್ದು ಹೆಸರೂ ಹಾಕದ ಯಾವನೋ. ಈಗ ಆ ತೆಳು ಪುಸ್ತಕದ ಜಾಗಕ್ಕೆ ಮೊಬೈಲ್ ಬಂದಿದೆ, ಅದಕ್ಕೆ ಅಂಗಡಿಗೂ ಹೋಗಬೇಕಿಲ್ಲ.

ಶಾಲೆಯಲ್ಲಿ? ಸಂತಾನೋತ್ಪತ್ತಿಯ ಪಾಠ ಬಂದಾಗ 'ಮನೇಲಿ ಓದ್ಕೊಳ್ಳಿ' ಅಂದ್ರು ಮೇಷ್ಟ್ರು. ಆದರೆ ಜೇಡರ ದಾಸಿಮಯ್ಯನ ವಚನ ಬಾಯಿಪಾಠ ಮಾಡಿಸಿದ್ರು. ಮೈಮೇಲಿನ ಗುರುತು ನೋಡಿ ಹೆಣ್ಣು, ಗಂಡು ಅಂತೀರಲ್ಲ, ಒಳಗಿರುವ ಆತ್ಮ ಯಾವುದು ಅಂತ ಕೇಳುವ ವಚನ. ತಪ್ಪಿಲ್ಲದೆ ಹೇಳಿದವರಿಗೆ ಶಹಬ್ಬಾಸ್. ಅದೇ ಕ್ಲಾಸಿನಲ್ಲಿ ಒಬ್ಬ ಹುಡುಗ ನಮ್ಮ ಜೊತೆ ಕುಂಟೆಬಿಲ್ಲೆ ಆಡ್ತಿದ್ದ, ಹಣೆಗೆ ಬೊಟ್ಟು ಇಟ್ಟುಕೊಳ್ತಿದ್ದ. ವಚನ ಹೇಳಿದ ಬಾಯಲ್ಲೇ ಹುಡುಗರು ಅವನಿಗೆ ಅಡ್ಡಹೆಸರು ಇಟ್ಟರು. ಎಂಟನೇ ಕ್ಲಾಸಿನ ನಡುವೆ ಶಾಲೆ ಬಿಟ್ಟ.

ಮಂಜಮ್ಮ ಜೋಗತಿ ಅವರ ಆತ್ಮಕಥನದ ಹೆಸರು 'ನಡುವೆ ಸುಳಿವ ಹೆಣ್ಣು'. ಆ ಹೆಸರಿನ ಹಿಂದೆ ಇರೋದು ಅದೇ ವಚನ. ಮಂಜುನಾಥನಾಗಿ ಹುಟ್ಟಿ, ಮನೆಯವರಿಂದ ದೂರವಾಗಿ, ಭಿಕ್ಷೆ ಬೇಡ್ತಾ ಇದ್ದ ಅವರಿಗೆ ಜೋಗತಿ ನೃತ್ಯ ಕಣ್ಣಿಗೆ ಬಿದ್ದದ್ದು ನಮ್ಮ ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರ. 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ವಿ, ನಮ್ಮ ಚಾನೆಲ್ಲುಗಳೂ ದಿನವಿಡೀ ತೋರಿಸಿದವು. ಬೊಟ್ಟು ಇಟ್ಟುಕೊಂಡ ಆ ಹುಡುಗನಿಗೆ ತಟ್ಟೋಕೆ ಯಾರೂ ಇರಲಿಲ್ಲ.

2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬೇಡ ಅಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಂಸ್ಕೃತಿ ಕೆಡುತ್ತೆ ಅಂದ್ರು. ದಾಸಿಮಯ್ಯ ಯಾರ ಸಂಸ್ಕೃತಿ ಸ್ವಾಮಿ?

ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಆ ಪಾಠ ಈಗಲೂ ಇದೆ. ಮುಂದಿನ ಪೋಷಕರ ಸಭೆಗೆ ಹೋದಾಗ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ. ಅದನ್ನ ಯಾವ ವಾರ ಮಾಡ್ತೀರಿ? ಹುಡುಗ, ಹುಡುಗಿ ಇಬ್ಬರನ್ನೂ ಕೂರಿಸಿಕೊಂಡೇ ಮಾಡ್ತೀರಾ?