ಹಿಗ್ಗುವ ಬಟ್ಟೆಯ ಮೇಲೆ ಬಿರಿಯದ ಬಣ್ಣ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ವಿಷಯ ಹೇಳುತ್ತಾನೆ ಎಂದುಕೊಂಡಿರಬಹುದು. ನಾನು ಹೇಳಲು ಬಂದಿರುವುದು ವೇಷದ ವಿಷಯ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೆ ಹತ್ತಿದ ಹವ್ಯಾಸ ಕಾಸ್‌ಪ್ಲೇ. ಕಾಮಿಕ್ಸ್, ಸಿನಿಮಾಗಳ ಪಾತ್ರದ ಉಡುಪನ್ನು ತೊಟ್ಟು ಆ ಪಾತ್ರವೇ ಆಗುವುದಕ್ಕೆ ಈ ಹೆಸರು. ‘ಕಾಸ್ಟ್ಯೂಮ್’ ಮತ್ತು ‘ಪ್ಲೇ’ ಎರಡನ್ನೂ ಸೇರಿಸಿ ಜಪಾನಿನವರು 1980ರ ದಶಕದಲ್ಲಿ ಮಾಡಿಕೊಂಡ ಪದ ಇದು. ಬೆಂಗಳೂರಿನಲ್ಲಿ 2012ರಲ್ಲಿ ಶುರುವಾದ ಕಾಮಿಕ್ ಕಾನ್ ಮೇಳಕ್ಕೆ ಹೀಗೆ ವೇಷ ತೊಟ್ಟು ಬರುವವರು ಬಹಳ. “ಬಿ.ಇ. ಓದಿ ವೇಷ ಹಾಕ್ತೀಯೇನೋ” ಎಂದು ನಮ್ಮಮ್ಮ ಈಗಲೂ ನಗುತ್ತಾರೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ವಾರ್ಷಿಕೋತ್ಸವದ ನಾಟಕ, ನೃತ್ಯಗಳಿಗೆ ವೇಷವನ್ನು ಬಾಡಿಗೆಗೆ ತರುತ್ತೇವೆ. ಆ ಬಾಡಿಗೆ ಹೊಂದಿಸಲಾಗದೆ ಪಾತ್ರ ಬಿಟ್ಟುಕೊಟ್ಟವರು ನನ್ನ ಬ್ಯಾಚಿನಲ್ಲಿದ್ದರು. ಈ ಸಭೆಯಲ್ಲೂ ಇದ್ದಾರೆ. ಹಿಗ್ಗುವ ಬಟ್ಟೆಯಲ್ಲಿ ಹೊಲಿದ ಒಂದು ವೇಷ ಎಂಟನೇ ತರಗತಿಯ ಸಣ್ಣ ಮೈಗೂ ಆಗುತ್ತದೆ, ಹತ್ತನೇ ತರಗತಿಯ ದೊಡ್ಡ ಮೈಗೂ ಆಗುತ್ತದೆ. ಒಮ್ಮೆ ಮಾಡಿಟ್ಟರೆ ಎಷ್ಟೋ ವರ್ಷ ಎಷ್ಟೋ ಮಕ್ಕಳು ತೊಡಬಹುದು. ಆದರೆ ಅದರ ಮೇಲಿನ ಬಣ್ಣ ಬಿರಿಯದೆ ನಿಲ್ಲಬೇಕು. ಆ ವಿದ್ಯೆಯನ್ನೇ ಇಂದು ಹೇಳುತ್ತೇನೆ.

ಲೆಗ್ಗಿಂಗ್ಸ್ ಹಿಗ್ಗುವುದು ಅದರಲ್ಲಿರುವ ಸ್ಪ್ಯಾಂಡೆಕ್ಸ್ ಎಂಬ ನೂಲಿನಿಂದ. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಅದನ್ನು ರೂಪಿಸಿದರು. ಲೈಕ್ರಾ ಎಂಬುದು ಅದರ ಮಾರಾಟದ ಹೆಸರು. ಬಟ್ಟೆಯನ್ನು ಮೇಜಿನ ಮೇಲೆ ಸುಮ್ಮನೆ ಹಾಸಿ ಬಣ್ಣ ಬಳಿದರೆ, ತೊಟ್ಟಾಗ ಬಟ್ಟೆ ಹಿಗ್ಗುತ್ತದೆ, ಒಣಗಿದ ಬಣ್ಣ ಅಷ್ಟು ಹಿಗ್ಗುವುದಿಲ್ಲ. ಗೆರೆ ಬಿರಿದು ಒಳಗಿನ ಬಟ್ಟೆ ಕಾಣುತ್ತದೆ. ಚಿತ್ರವೂ ಕೆಡುತ್ತದೆ. ಎದೆಯ ಮೇಲೆ 10 ಸೆಂ.ಮೀ. ಅಗಲದ ವೃತ್ತ ಬರೆದಿದ್ದೀರಿ, ತೊಟ್ಟಾಗ ಬಟ್ಟೆ ಅಡ್ಡಕ್ಕೆ ಶೇ. 30ರಷ್ಟು ಹಿಗ್ಗಿತು ಎನ್ನಿ. ಆ ವೃತ್ತ 13 ಸೆಂ.ಮೀ. ಅಗಲದ ಮೊಟ್ಟೆಯಾಗುತ್ತದೆ.

ಆದ್ದರಿಂದ ಬಟ್ಟೆಯನ್ನು ಮೊದಲೇ ಎಳೆದು ನಿಲ್ಲಿಸಿ, ಆಮೇಲೆ ಬಣ್ಣ ಹಚ್ಚಬೇಕು. ಹೊಸ ಬಟ್ಟೆಯಾದರೆ ಮೊದಲು ಒಗೆದು ಗಂಜಿ ತೆಗೆಯಿರಿ. ಮಗುವಿಗೆ ಒಮ್ಮೆ ತೊಡಿಸಿ ಎದೆ, ಸೊಂಟ, ಮೊಣಕೈ, ಮೊಣಕಾಲಿನ ಜಾಗಗಳನ್ನು ಟೈಲರ್ ಚಾಕ್‌ನಿಂದ ಗುರುತು ಮಾಡಿ ಬಿಚ್ಚಿಸಿ. ತೋಳು, ಕಾಲುಗಳ ಒಳಗೆ ರಟ್ಟು ತೂರಿಸಿ. ತೊಡೆಯ ಸುತ್ತಳತೆ 46 ಸೆಂ.ಮೀ. ಇದ್ದರೆ ಅಲ್ಲಿ ರಟ್ಟಿನ ಅಗಲ ಅದರ ಅರ್ಧ, 23 ಸೆಂ.ಮೀ. ರಟ್ಟಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಬಣ್ಣ ಅಂಟುವುದಿಲ್ಲ, ಹಿಂಬದಿಗೂ ಇಳಿಯುವುದಿಲ್ಲ. ಹಲವರು ತೊಡುವ ವೇಷವಾದರೆ ಅವರಲ್ಲಿ ದೊಡ್ಡ ಮೈಯವರ ಅಳತೆ ಹಿಡಿಯಿರಿ. ಸಣ್ಣವರು ತೊಟ್ಟಾಗ ಚಿತ್ರ ಸ್ವಲ್ಪ ಕುಗ್ಗುತ್ತದೆ, ಬಿರಿಯುವುದಿಲ್ಲ.

ಸೀರೆಯ ಮೇಲೆ ಚಿತ್ರ ಬಿಡಿಸುವ ಫ್ಯಾಬ್ರಿಕ್ ಬಣ್ಣ ಸಾಕು. ಬರೀ ಅಕ್ರಿಲಿಕ್ ಬಣ್ಣವಾದರೆ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಫ್ಯಾಬ್ರಿಕ್ ಮೀಡಿಯಂ ಬೆರೆಸಿ. ಅದು ಬಣ್ಣವನ್ನು ಮೆದುವಾಗಿಡುತ್ತದೆ. ನೀರು ಹೆಚ್ಚಾದರೆ ಗೆರೆ ಹರಡುತ್ತದೆ. ದಪ್ಪಗೆ ಒಮ್ಮೆ ಬಳಿಯುವ ಬದಲು ತೆಳುವಾಗಿ ಎರಡು ಸಲ ಹಚ್ಚಿ. ದೊಡ್ಡ ಜಾಗಕ್ಕೆ ಸ್ಪಂಜು, ಅಂಚಿಗೆ ಬ್ರಷ್. ಸಣ್ಣ ಗೆರೆಗಳು ಕೊನೆಗೆ.

ನಾನು ಮಾಡಿದ ಸ್ಪೈಡರ್‌ಮ್ಯಾನ್ ವೇಷದಲ್ಲಿ ಕಷ್ಟದ ಕೆಲಸವೆಂದರೆ ಆ ಬಲೆ. ಮುಖವಾಡದಲ್ಲಿ ಎರಡು ಕಣ್ಣುಗಳ ನಡುವಿನಿಂದ ನೇರ ಗೆರೆಗಳು ಸುತ್ತಲೂ ಹೊರಡುತ್ತವೆ. ಅವನ್ನು ಮೊದಲು ಬರೆದು, ಆಮೇಲೆ ಅಡ್ಡ ಕಮಾನುಗಳನ್ನು ಕೂಡಿಸಬೇಕು. ಗೆರೆ ಉಬ್ಬಿ ಕಾಣಲು ತ್ರೀಡಿ ಔಟ್‌ಲೈನರ್ ಟ್ಯೂಬ್ ಬಳಸಿದೆ. ಮೇಲಿನಿಂದ ಕೆಳಗೆ ಬರೆಯುತ್ತ ಬಂದರೆ ಹಸಿ ಬಣ್ಣಕ್ಕೆ ಕೈ ತಾಗುವುದಿಲ್ಲ.

ಒಂದು ದಿನ ಪೂರ್ತಿ ಒಣಗಿದ ಮೇಲೆ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ, ಮೇಲೊಂದು ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಬಿಸಿ ಹೆಚ್ಚಾದರೆ ಸ್ಪ್ಯಾಂಡೆಕ್ಸ್ ಹಾಳು. ಉಬ್ಬು ಗೆರೆಗಳ ಮೇಲೆ ಇಸ್ತ್ರಿ ಒತ್ತಬೇಡಿ. ಒಗೆಯುವುದು ತಣ್ಣೀರಿನಲ್ಲಿ, ಕೈಯಲ್ಲಿ. ಬ್ಲೀಚಿಂಗ್ ಪೌಡರ್ ಬೇಡ, ಹಿಂಡುವುದೂ ಬೇಡ, ನೆರಳಿನಲ್ಲಿ ಒಣಗಿಸಿ.

ನನ್ನ ಉದ್ಯೋಗದಲ್ಲೂ ಇದೇ ನಿಯಮ. ಒಬ್ಬರು ಬಳಸಿದಾಗ ಸರಿಯಾಗಿ ನಡೆಯುವ ತಂತ್ರಾಂಶ ಸಾವಿರ ಜನ ಒಟ್ಟಿಗೆ ಬಂದಾಗ ಕುಸಿಯಬಹುದು. ಆ ಒತ್ತಡವನ್ನು ಮೊದಲೇ ಹೇರಿ ಪರೀಕ್ಷಿಸುತ್ತೇವೆ.

ಈಗ ಕೋರಿಕೆ. ಶಾಲೆಗೊಂದು ವೇಷದ ಪೆಟ್ಟಿಗೆ ಮಾಡೋಣ. ಹುಲಿ, ನವಿಲು, ಜಿಂಕೆ, ಹನುಮಂತ, ಇವುಗಳಿಂದ ಶುರು ಮಾಡೋಣ. ಬಟ್ಟೆ, ಬಣ್ಣದ ಖರ್ಚು ನಮ್ಮ ಬ್ಯಾಚಿನದು. ತಾಯಂದಿರು ಹಳೆಯ ಲೆಗ್ಗಿಂಗ್ಸ್ ಕೊಡಿ. ಹೊಲಿಗೆ ಬಲ್ಲವರು ಒಂದೆರಡು ದಿನ ಕೊಡಿ. ಬೇಸಿಗೆ ರಜೆಯಲ್ಲಿ ನಾನು ಬಂದು ಕಲಿಸುತ್ತೇನೆ, ಬಣ್ಣ ಹಚ್ಚುವವರು ಮಕ್ಕಳೇ. ಚಿತ್ರ ಬರೆಯುತ್ತ ಕುಳಿತ ಮಗುವನ್ನು “ಓದು ಬಿಟ್ಟು ಇದೇನು” ಎಂದು ಆ ನಾಲ್ಕು ದಿನವಾದರೂ ಗದರಬೇಡಿ. ಮುಂದಿನ ವಾರ್ಷಿಕೋತ್ಸವದಲ್ಲಿ ಬಾಡಿಗೆಯ ಕಾರಣಕ್ಕೆ ಯಾವ ಮಗುವೂ ಪಾತ್ರ ಬಿಟ್ಟುಕೊಡಬಾರದು.