ಹಲ್ಲಿ, ಹಡಗು, ದೀಪ



ಮೆಲ್ಬರ್ನಿನ ಬಾಕ್ಸ್ ಹಿಲ್ ವುರುಂಡ್ಜೆರಿ ಜನರ ನೆಲ. ಅದೇ ಹೆಸರಿನ ಸಿಡ್ನಿಯ ಬಡಾವಣೆ ದಾರುಗ್ ಜನರದು. ಆ ಮೂಲನಿವಾಸಿಗಳಿಗೆ ಗೌರವ ಸಲ್ಲಿಸಿ, ನಮ್ಮೂರ ಮನೆಹಲ್ಲಿಯ ಬಗ್ಗೆ ನಾಲ್ಕು ಮಾತು ಆಡುತ್ತೇನೆ.

ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಅದು ಸತ್ಯವೆಂದು ನಂಬಿದವರು ನಮ್ಮ ಹಿರಿಯರು. ಈಗ ಕ್ವೀನ್ಸ್‌ಲ್ಯಾಂಡಿನ ಗೋಡೆಗಳ ಮೇಲೂ ಅದೇ ಸದ್ದು. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಈ ಹಲ್ಲಿ 1960ರ ದಶಕದಲ್ಲಿ ಡಾರ್ವಿನ್‌ನಲ್ಲಿ ನೆಲೆಯೂರಿತು. 1980ರ ದಶಕದಲ್ಲಿ ಬ್ರಿಸ್ಬೇನ್ ಬಂದರನ್ನು ಸೇರಿತು. ಬಳಿಕ ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗಕ್ಕೂ ಹಬ್ಬಿತು. ಅದನ್ನು ಹೊತ್ತು ತಂದದ್ದು ಸರಕು ಸಾಗಣೆ. ಅದರ ಗಟ್ಟಿ ಚಿಪ್ಪಿನ ಮೊಟ್ಟೆಗಳು ಕಂಟೇನರಿನ ಸಂದಿಯಲ್ಲೂ ಉಳಿಯುತ್ತವೆ. ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಕೂಡಿಡಬಲ್ಲದು. ಹಾಗಾಗಿ ಒಂದು ಹೆಣ್ಣು ಬಂದಿಳಿದರೂ ಸಂತತಿ ಆರಂಭವಾದೀತು.

ಪೆಸಿಫಿಕ್ ದ್ವೀಪಗಳಲ್ಲಿ ಗಂಡಿಲ್ಲದೆಯೇ ಸಂತಾನ ಬೆಳೆಸುವ ಸಣ್ಣ ಹಲ್ಲಿಯೊಂದಿದೆ. ಕಟ್ಟಡಗಳಲ್ಲಿ ಅದರ ಸಂಖ್ಯೆ ಕುಗ್ಗಲು ಮನೆಹಲ್ಲಿಯೇ ಕಾರಣವೆಂದು 1990ರ ದಶಕದ ಪ್ರಯೋಗಗಳು ತೋರಿಸಿದವು. ದೀಪಕ್ಕೆ ಮುತ್ತುವ ಹುಳಗಳನ್ನು ದೊಡ್ಡದೂ ಚುರುಕಿನದೂ ಆದ ಮನೆಹಲ್ಲಿ ಮೊದಲೇ ಕಬಳಿಸುತ್ತದೆ, ಸಣ್ಣದಕ್ಕೆ ಹೊಟ್ಟೆಗಿಲ್ಲ. ಆ ಗೆಲುವಿಗೆ ನೆರವಾದವು ನಾವು ಕಟ್ಟಿದ ನುಣುಪು ಗೋಡೆ, ನಾವು ಹಚ್ಚಿದ ದೀಪ. ಆಸ್ಟ್ರೇಲಿಯದ ಉತ್ತರದಲ್ಲಿ ಅದು ಕಟ್ಟಡ ದಾಟಿ ಕಾಡಂಚಿಗೂ ಕಾಲಿಟ್ಟಿದೆ.

ಇಲ್ಲೊಂದು ಎಚ್ಚರಿಕೆ ಬೇಕು. ‘ಆಕ್ರಮಣಕಾರಿ’, ‘ಹೊರಗಿನದು’ ಎಂಬ ಪದಗಳು ಹಲ್ಲಿಯಿಂದ ಮನುಷ್ಯರತ್ತ ಜಾರಲು ಹೊತ್ತು ಬೇಕಿಲ್ಲ. ಏಷ್ಯನ್ನರನ್ನು ದೂರವಿಡಲು 1901ರಲ್ಲಿ ವಲಸೆ ನಿರ್ಬಂಧ ಕಾಯ್ದೆ ತಂದ ದೇಶವಿದು. ಮನುಷ್ಯರೆಲ್ಲ ಒಂದೇ ಜೀವಜಾತಿ. ವಲಸಿಗನಿಗೆ ಹಲ್ಲಿಯ ಹೋಲಿಕೆ ವಿಜ್ಞಾನವಲ್ಲ, ದ್ವೇಷ. ಆದರೆ ಆ ದ್ವೇಷಕ್ಕೆ ಅಂಜಿ ಹಲ್ಲಿಯ ಹಾನಿಯನ್ನು ಮರೆಮಾಚುವುದೂ ಸಲ್ಲದು. ಗಡಿಯಲ್ಲಿ ಸರಕನ್ನು ತಪಾಸಿಸುವುದು ಜನಾಂಗಭೇದವಲ್ಲ. ಇಲ್ಲಿನ ಮೂಕ ಜೀವಿಗಳಿಗೆ ಸಲ್ಲುವ ನ್ಯಾಯ.

ಮೆಲ್ಬರ್ನಿನಲ್ಲಿ ಅಮೃತಶಿಲೆಯ ಮಚ್ಚೆಗಳ ಹಲ್ಲಿಯಿದೆ, ಸಿಡ್ನಿಯ ಮರಳುಗಲ್ಲಿನ ಬಿರುಕುಗಳಲ್ಲಿ ಎಲೆಬಾಲದ ಹಲ್ಲಿಯಿದೆ. ಇವು ಈ ನೆಲದವು. ಗುರುತಿಸದೆ ಕೊಲ್ಲಬೇಡಿ. ಲೊಚಗುಟ್ಟುವ ಹಲ್ಲಿ ಕಂಡರೆ, ಚಿತ್ರ ತೆಗೆದು ಜೈವಿಕ ಸುರಕ್ಷತಾ ಇಲಾಖೆಗೆ ತಿಳಿಸಿ. ಊರಿನಿಂದ ತಂದ ಪೆಟ್ಟಿಗೆಗಳನ್ನು ಜಾಲಾಡಿ. ಬೇಡದ ಹೊರದೀಪ ಆರಿಸಿ.

ಬಂದ ನೆಲದಲ್ಲಿ ಹಕ್ಕು ಕೇಳುವ ನಾವು, ಆ ನೆಲದ ಹೊಣೆಯನ್ನೂ ಹೊರೋಣ.